ಸೀಟು ಸಿಕ್ತು, ಸರಿ. ನಾಲ್ಕು ವರ್ಷದ ದುಡ್ಡು?

ಸಿಇಟಿ ಸೀಟು ಹಂಚಿಕೆಯ ಪಟ್ಟಿ ಬಂದ ದಿನ ಎಲ್ಲರೂ ಮೊದಲು ಕೇಳುವುದು ಯಾವ ಕಾಲೇಜು ಅಂತ. ಆಮೇಲೆ ಯಾವ ಬ್ರಾಂಚು. ದುಡ್ಡಿನ ಮಾತು ಬರುವುದು ಕೊನೆಗೆ, ಅದೂ ಫೀ ಕಟ್ಟಲು ಎರಡು ಮೂರು ದಿನ ಉಳಿದಿರುವಾಗ. ಆ ಗಡಿಬಿಡಿಯಲ್ಲಿ ಯಾರೋ ‘ಸ್ಕಾಲರ್‌ಶಿಪ್ ಬರುತ್ತೆ ಬಿಡಿ’ ಅನ್ನುತ್ತಾರೆ. ಇನ್ಯಾರೋ ‘ಬ್ಯಾಂಕಲ್ಲಿ ಲೋನ್ ಮಾಡಿಸಿದರಾಯ್ತು’ ಅನ್ನುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಸ್ಕಾಲರ್‌ಶಿಪ್ ಎಷ್ಟು ಬರುತ್ತೆ, ಯಾವ ತಿಂಗಳು ಬರುತ್ತೆ, ಲೋನ್ ಯಾರ ಹೆಸರಲ್ಲಿ, ಬಡ್ಡಿ ಯಾವತ್ತಿಂದ ಶುರು ಅನ್ನುವುದನ್ನು ಬಿಡಿಸಿ ಹೇಳುವವರು ಕಡಿಮೆ.

ಇಂಜಿನಿಯರಿಂಗ್ ಸೀಟನ್ನೇ ಇಟ್ಟುಕೊಂಡು ಇದನ್ನು ನೋಡೋಣ. ಕೃಷಿ, ಫಾರ್ಮಸಿ, ನರ್ಸಿಂಗ್ ಸೇರುವವರಿಗೂ ಲೆಕ್ಕದ ದಾರಿ ಹೆಚ್ಚುಕಡಿಮೆ ಇದೇ. ನಾನು ಹೇಳಲು ಹೊರಟಿರುವುದು ಇಷ್ಟು: ಸಿಕ್ಕ ಸೀಟು ಬೇಕೋ ಬೇಡವೋ ಅಂತ ಹೇಳುವ ‘ಚಾಯ್ಸ್’ ಒತ್ತುವ ಮೊದಲು ನಾಲ್ಕೂ ವರ್ಷದ ಖರ್ಚನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ಬರುವ ದುಡ್ಡನ್ನು, ಅದು ಕೈಗೆ ಸಿಗುವ ಸಮಯದ ಸಮೇತ ಬರೆಯಿರಿ. ಎಷ್ಟೋ ಮನೆಗಳು ಒದ್ದಾಡುವುದು ದುಡ್ಡು ಬರಲೇ ಇಲ್ಲ ಅಂತಲ್ಲ, ಬೇಕಾದ ದಿನಕ್ಕೆ ಬರಲಿಲ್ಲ ಅಂತ.

ಫೀ ಅನ್ನುವುದು ಖರ್ಚಿನ ಒಂದು ಭಾಗ ಮಾತ್ರ

ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ (ಕೆಇಎ) ಕಟ್ಟುವ ಬೋಧನಾ ಶುಲ್ಕ ಕಣ್ಣಿಗೆ ಕಾಣುತ್ತದೆ. ಕಾಲೇಜಿಗೆ ಹೋದ ಮೇಲೆ ಕೇಳುವ ‘ಇತರೆ ಶುಲ್ಕ’ ಕಾಣುವುದಿಲ್ಲ. ವಿಶ್ವವಿದ್ಯಾಲಯದ ಶುಲ್ಕ, ಸ್ಕಿಲ್ ಲ್ಯಾಬ್, ಪರೀಕ್ಷಾ ಶುಲ್ಕ, ಸಮವಸ್ತ್ರ, ಕಾಲೇಜು ಬಸ್ಸು ಎಲ್ಲ ಇದರಲ್ಲೋ ಇದರ ಹಿಂದೆಯೋ ಬರುತ್ತವೆ. ಇದನ್ನು ತಿಳಿಯುವ ಸುಲಭದ ದಾರಿ ಅಂದರೆ ಅದೇ ಕಾಲೇಜಿನ ಎರಡನೇ ವರ್ಷದ ವಿದ್ಯಾರ್ಥಿಯನ್ನು ಕೇಳುವುದು. ‘ಹೋದ ವರ್ಷ ಒಟ್ಟು ಎಷ್ಟು ಕಟ್ಟಿದೆ? ಅಡ್ಮಿಷನ್ ದಿನ ಎಷ್ಟು ಕೇಳಿದರು?’ ಇಷ್ಟು ಕೇಳಿದರೆ ಸಾಕು. ಪ್ರಾಸ್ಪೆಕ್ಟಸ್‌ನಲ್ಲಿ ಸಿಗದ ಉತ್ತರ ಅಲ್ಲಿ ಸಿಗುತ್ತದೆ.

ಆಮೇಲೆ ಊಟ ಮತ್ತು ವಸತಿ. ನನ್ನ ಪ್ರಕಾರ ಲೆಕ್ಕ ತಲೆಕೆಳಗಾಗುವುದು ಇಲ್ಲೇ. ಹಾಸನದ ಹತ್ತಿರದ ಹಳ್ಳಿಯ ಒಬ್ಬ ಹುಡುಗಿಗೆ ಎರಡು ದಾರಿ ಇವೆ ಅಂದುಕೊಳ್ಳಿ. ಒಂದು, ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಕಂಪ್ಯೂಟರ್ ಸೈನ್ಸ್. ಇನ್ನೊಂದು, ಹಾಸನದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್. ಲೆಕ್ಕಕ್ಕೆ ಸುಲಭವಾಗಲಿ ಅಂತ ಅಂದಾಜಿನ ಅಂಕಿ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಬೋಧನಾ ಶುಲ್ಕ ಒಂದು ಲಕ್ಷ, ಇತರೆ ಶುಲ್ಕ 20 ಸಾವಿರ, ಪಿಜಿಗೆ ತಿಂಗಳಿಗೆ 9 ಸಾವಿರದಂತೆ ಹತ್ತು ತಿಂಗಳಿಗೆ 90 ಸಾವಿರ, ಓಡಾಟ ಮತ್ತು ಕೈಖರ್ಚಿಗೆ 30 ಸಾವಿರ. ವರ್ಷಕ್ಕೆ 2.4 ಲಕ್ಷ, ನಾಲ್ಕು ವರ್ಷಕ್ಕೆ 9.6 ಲಕ್ಷ. ಹಾಸನದಲ್ಲಿ ಶುಲ್ಕ 45 ಸಾವಿರ, ಮನೆಯಿಂದ ಓಡಾಡಿದರೆ ಇತರೆ ಖರ್ಚು 20 ಸಾವಿರ. ನಾಲ್ಕು ವರ್ಷಕ್ಕೆ 2.6 ಲಕ್ಷ.

ವ್ಯತ್ಯಾಸ ಏಳು ಲಕ್ಷ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೋಧನಾ ಶುಲ್ಕದಿಂದ ಬಂದದ್ದೇ ಅಲ್ಲ, ಪಿಜಿ ಮತ್ತು ಓಡಾಟದಿಂದ ಬಂದದ್ದು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ಒಂದು ಗಂಟೆ ಬಸ್ಸಿನಲ್ಲಿ ಹೋಗಿಬರುವ ದೂರದ ಕಾಲೇಜು ಈಗ ಹುಡುಗಿಯರ ಮನೆಯ ಲೆಕ್ಕಕ್ಕೆ ಮೊದಲಿಗಿಂತ ಹತ್ತಿರವಾಗಿದೆ. ಆದರೆ ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲೇ ಕಳೆದರೆ ಓದುವುದು ಯಾವಾಗ? ಅದನ್ನೂ ಖರ್ಚು ಅಂತಲೇ ಬರೆದುಕೊಳ್ಳಿ.

ಸರ್ಕಾರಿ ಕಾಲೇಜು, ಖಾಸಗಿ ಕಾಲೇಜು ಇವೆರಡರ ನಡುವೆ ಅನುದಾನಿತ ಸೀಟು ಅನ್ನುವುದೊಂದಿದೆ. ಮಂಡ್ಯದ ಪಿಇಎಸ್, ಹಾಸನದ ಮಲ್ನಾಡ್, ಬಾಗಲಕೋಟೆಯ ಬಸವೇಶ್ವರ, ಬೆಂಗಳೂರಿನ ಬಿಎಂಎಸ್ ಇಂಥ ಹಳೆಯ ಕಾಲೇಜುಗಳಲ್ಲಿ ಕೆಲವು ಬ್ರಾಂಚುಗಳಿಗೆ ಸರ್ಕಾರದ ಅನುದಾನ ಇದೆ. ಅದೇ ಕ್ಯಾಂಪಸ್ಸು, ಅದೇ ಲೈಬ್ರರಿ, ಆದರೆ ಶುಲ್ಕ ಬಹಳ ಕಡಿಮೆ. ಆಪ್ಷನ್ ಹಾಕುವಾಗ, ಅಂದರೆ ಬೇಕಾದ ಕಾಲೇಜು ಮತ್ತು ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವಾಗ, ಇದು ಪ್ರತ್ಯೇಕವಾಗಿ ಕಾಣುತ್ತದೆ. ಎಷ್ಟೋ ಮಕ್ಕಳು ಕಾಲೇಜಿನ ಹೆಸರು ಮಾತ್ರ ನೋಡಿ ಇದನ್ನು ದಾಟಿ ಹೋಗಿಬಿಡುತ್ತಾರೆ.

ಚಾಯ್ಸ್ ಒತ್ತುವುದೂ ದುಡ್ಡಿನ ತೀರ್ಮಾನವೇ

ಕೆಇಎಯ ಕಂಪ್ಯೂಟರಿಗೆ ನಿಮ್ಮ ರ್‍ಯಾಂಕ್ ಗೊತ್ತು, ಮೀಸಲಾತಿ ಗೊತ್ತು, ಆಪ್ಷನ್‌ಗಳ ಕ್ರಮ ಗೊತ್ತು. ನಿಮ್ಮ ಮನೆಯ ಜೇಬು ಗೊತ್ತಿಲ್ಲ. ರ್‍ಯಾಂಕಿಗೆ ದಕ್ಕುವ ಆಪ್ಷನ್‌ಗಳಲ್ಲಿ ಪಟ್ಟಿಯ ಮೇಲ್ಭಾಗದಲ್ಲಿ ಯಾವುದಿದೆಯೋ ಅದನ್ನೇ ಅದು ಕೊಡುತ್ತದೆ. ಕಟ್ಟಲಾಗದ ಫೀಯ ಕಾಲೇಜನ್ನು ‘ಸುಮ್ನೆ ಇರಲಿ’ ಅಂತ ಮೇಲಿಟ್ಟರೆ ಅದೇ ಸಿಗಬಹುದು.

ಚಾಯ್ಸ್ 1 ಅಂದರೆ ಈ ಸೀಟು ಸಾಕು, ಫೀ ಕಟ್ಟಿ ಕಾಲೇಜಿಗೆ ಹೋಗುತ್ತೇನೆ ಅಂತ. ಚಾಯ್ಸ್ 3 ಅಂದರೆ ಈ ಸೀಟು ಬೇಡ, ಮುಂದಿನ ಸುತ್ತು ನೋಡುತ್ತೇನೆ ಅಂತ. ಮುಂದೆ ಏನೂ ಸಿಗದಿದ್ದರೆ ಕೈ ಖಾಲಿ. ಚಾಯ್ಸ್ 4 ಅಂದರೆ ಈ ಪ್ರಕ್ರಿಯೆಯಿಂದಲೇ ಹೊರಗೆ.

ಗೊಂದಲ ಇರುವುದು ಚಾಯ್ಸ್ 2ರಲ್ಲಿ. ಈ ಸೀಟು ಒಪ್ಪಿಗೆ, ಆದರೆ ಇದಕ್ಕಿಂತ ಮೇಲಿನ ಆಪ್ಷನ್ ಸಿಕ್ಕರೆ ಅದು ಬೇಕು ಅನ್ನುವುದು ಇದರ ಅರ್ಥ. ಇದನ್ನು ತುಂಬಾ ಜನ ಸುರಕ್ಷಿತ ದಾರಿ ಅಂದುಕೊಳ್ಳುತ್ತಾರೆ. ಒಂದು ಮಾತು ಮಾತ್ರ ಮರೆಯುತ್ತಾರೆ: ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕ ಕೂಡಲೇ ಮೊದಲಿನ ಸೀಟು ತಾನಾಗಿಯೇ ರದ್ದಾಗುತ್ತದೆ. ‘ಬೇಡ, ಹಳೆಯದೇ ಕೊಡಿ’ ಅಂದರೆ ಸಿಗುವುದಿಲ್ಲ. ಹಾಸನದ ಆ ಹುಡುಗಿ ಮನೆಯ ಹತ್ತಿರದ ಸೀಟಿಗೆ ಚಾಯ್ಸ್ 2 ಒತ್ತಿ, ಮೇಲೆ ಬೆಂಗಳೂರಿನ ದುಬಾರಿ ಕಾಲೇಜುಗಳನ್ನು ಹಾಗೇ ಬಿಟ್ಟರೆ, ಎರಡನೇ ಸುತ್ತಿನಲ್ಲಿ ಏಳು ಲಕ್ಷದ ಹೆಚ್ಚುವರಿ ಖರ್ಚು ಅವಳ ಹೆಸರಿಗೆ ಬಂದು ಕೂರಬಹುದು. ಸುತ್ತುಗಳ ನಡುವೆ ಆಪ್ಷನ್ ತೆಗೆಯಲು, ಕ್ರಮ ಬದಲಿಸಲು ಅವಕಾಶ ಕೊಟ್ಟಾಗ ಅದನ್ನು ಬಳಸಿಕೊಳ್ಳಿ. ಮೇಲಿರುವ ಪ್ರತಿಯೊಂದು ಆಪ್ಷನ್‌ಗೂ ‘ಇದು ಸಿಕ್ಕರೆ ನಿಜವಾಗಲೂ ಹೋಗ್ತೀವಾ?’ ಅಂತ ಕೇಳಿಕೊಳ್ಳಿ. ಹೌದು ಅನ್ನುವುದಕ್ಕೆ ಆಗದ್ದನ್ನು ಅಳಿಸಿಬಿಡಿ.

ನೆರವು ಮೂರು ತರಹ

ಎಲ್ಲ ನೆರವನ್ನೂ ಸ್ಕಾಲರ್‌ಶಿಪ್ ಅಂತಲೇ ಕರೆಯುವುದರಿಂದ ಲೆಕ್ಕ ತಪ್ಪುತ್ತದೆ. ಫೀಯನ್ನೇ ಕೇಳದಿರುವುದು ಒಂದು ತರಹ. ಕಟ್ಟಿದ ಮೇಲೆ ಯಾವಾಗಲೋ ಖಾತೆಗೆ ಬರುವುದು ಇನ್ನೊಂದು. ಮೂರನೆಯದು ಸಾಲ, ಅದನ್ನು ತೀರಿಸಲೇಬೇಕು.

ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ). ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು ಸೃಷ್ಟಿಸಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗೆ ಇರುವವರಿಗೆ ರ್‍ಯಾಂಕ್ ಪ್ರಕಾರ ಕೊಡುತ್ತಾರೆ. ಬೋಧನಾ ಶುಲ್ಕ ಮನ್ನಾ. ಸಾಮಾನ್ಯ ವರ್ಗದ ಮಧ್ಯಮ ಆದಾಯದ ಮನೆಗಳಿಗೂ ಇದು ಸಿಗುತ್ತದೆ. ಅರ್ಜಿಯಲ್ಲೇ ಆದಾಯದ ವಿವರ ಕೊಟ್ಟು ಇದನ್ನು ಕೇಳಿರಬೇಕು. ಮನ್ನಾ ಆಗುವುದು ಬೋಧನಾ ಶುಲ್ಕ ಮಾತ್ರ, ಉಳಿದದ್ದನ್ನು ಕಟ್ಟಲೇಬೇಕು. ಆದರೂ ನನ್ನ ಕೇಳಿದರೆ, ಎಸ್‌ಎನ್‌ಕ್ಯೂ ಸೀಟು ಕೈಯಲ್ಲಿದ್ದರೆ ಅದನ್ನು ಬಿಟ್ಟು ಸ್ವಲ್ಪ ಹೆಸರಿರುವ ಕಾಲೇಜಿಗೆ ಹಾರುವ ಮೊದಲು ಎರಡು ಸಲ ಯೋಚಿಸಬೇಕು. ನಾಲ್ಕು ವರ್ಷವೂ ಖಚಿತವಾಗಿ ಉಳಿಯುವ ದುಡ್ಡು ಅದು.

ಎರಡನೆಯ ತರಹದ್ದು ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ (ಎಸ್‌ಎಸ್‌ಪಿ) ಮತ್ತು ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್ (ಎನ್‌ಎಸ್‌ಪಿ) ಮೂಲಕ ಬರುತ್ತದೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮುಂತಾದ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿಯಲ್ಲೇ ಅರ್ಜಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15 ಸಾವಿರ ಅಂತ ಶುರುವಾದ ಯೋಜನೆ ಅದು. ಬೆಂಗಳೂರಿನ ಪಿಜಿಗೆ ಇದು ಎರಡು ತಿಂಗಳಿಗೂ ಸಾಲದು. ಅದಕ್ಕೇ ಸರ್ಕಾರಿ ಹಾಸ್ಟೆಲ್ ಸೀಟಿಗೆ ಮೊದಲು ಪ್ರಯತ್ನ ಮಾಡಿ. ಹಾಸ್ಟೆಲ್ ಸಿಕ್ಕರೆ ಉಳಿಯುವ ದುಡ್ಡು ಹೆಚ್ಚಿನ ಸ್ಕಾಲರ್‌ಶಿಪ್‌ಗಳಿಗಿಂತ ದೊಡ್ಡದು.

ಕೇಂದ್ರದ ಕಡೆಯಿಂದ ಇಂಜಿನಿಯರಿಂಗ್ ಹುಡುಗಿಯರಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ‘ಪ್ರಗತಿ’ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 50 ಸಾವಿರ. ಆದಾಯ 8 ಲಕ್ಷದೊಳಗೆ ಇರಬೇಕು, ಒಂದು ಮನೆಯ ಇಬ್ಬರು ಹುಡುಗಿಯರವರೆಗೆ ಸಿಗುತ್ತದೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಇದೇ ಮೊತ್ತದ ಸಕ್ಷಮ್ ಇದೆ. ಪ್ರಗತಿಯಲ್ಲಿ ಆಯ್ಕೆ ಅಂಕದ ಮೇಲೆ, ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ 20ರೊಳಗೆ ಇದ್ದು, ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಇನ್ನೊಂದು ವಿದ್ಯಾರ್ಥಿವೇತನವಿದೆ. ಮೊದಲ ಮೂರು ವರ್ಷ 12 ಸಾವಿರದಂತೆ, ನಾಲ್ಕನೇ ವರ್ಷ 20 ಸಾವಿರ. ಇದು ಮುಂದುವರಿಯಬೇಕಾದರೆ ಶೇ 50 ಅಂಕ, ಶೇ 75 ಹಾಜರಿ ಬೇಕು.

ಸಿಕ್ಕಿದ್ದಕ್ಕೆಲ್ಲ ಅರ್ಜಿ ಹಾಕಿದರೆ ಎಲ್ಲವೂ ಬರುತ್ತದೆ ಅಂತ ತಿಳಿಯಬೇಡಿ. ಸರ್ಕಾರದ ಒಂದು ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ ಇನ್ನೊಂದು ಇಲ್ಲ ಅನ್ನುವ ಷರತ್ತು ಹಲವು ಯೋಜನೆಗಳಲ್ಲಿದೆ. ವರ್ಷಕ್ಕೆ 12 ಸಾವಿರದ್ದಕ್ಕೆ ಸಿಕ್ಕಿಹಾಕಿಕೊಂಡು 50 ಸಾವಿರದ್ದನ್ನು ಕಳೆದುಕೊಳ್ಳುವುದು ಬೇಡ. ದೊಡ್ಡದು ಯಾವುದು, ಸಿಗುವ ಸಾಧ್ಯತೆ ಯಾವುದಕ್ಕೆ ಜಾಸ್ತಿ ಅಂತ ನೋಡಿ ತೀರ್ಮಾನಿಸಿ.

ಇನ್ನು ಸಮಯ. ಕಾಲೇಜು ಶುರುವಾದ ಮೇಲೆ ಅರ್ಜಿ ಕರೆಯುತ್ತಾರೆ. ಕಾಲೇಜು ಅದನ್ನು ಪರಿಶೀಲಿಸಬೇಕು, ಇಲಾಖೆ ಮಂಜೂರು ಮಾಡಬೇಕು. ದುಡ್ಡು ಬರುವಷ್ಟರಲ್ಲಿ ಒಂದು ಸೆಮಿಸ್ಟರ್ ಕಳೆದಿರುತ್ತದೆ, ಕೆಲವು ಸಲ ಇಡೀ ವರ್ಷ. ಹಾಗಾಗಿ ಈ ತರಹದ ಯಾವ ದುಡ್ಡನ್ನೂ ಮೊದಲ ವರ್ಷದ ಅಡ್ಮಿಷನ್ ಲೆಕ್ಕದಲ್ಲಿ ಹಿಡಿಯಬೇಡಿ. ಬಂದಾಗ ಅದನ್ನು ಎರಡನೇ ವರ್ಷದ ಫೀಗೆ ತೆಗೆದಿಡಿ.

ದುಡ್ಡು ಇಲಾಖೆಯಿಂದ ಹೊರಟರೂ ಖಾತೆ ತಲುಪದೇ ಇರುವುದಕ್ಕೆ ಸಾಮಾನ್ಯ ಕಾರಣ ಎರಡು. ಒಂದು, ಹೆಸರು ಎಲ್ಲ ಕಡೆ ಒಂದೇ ತರಹ ಇಲ್ಲದಿರುವುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಇನಿಷಿಯಲ್ಲೇ ಇಲ್ಲ. ಇನ್ನೊಂದು ಆಧಾರ್ ಸೀಡಿಂಗ್, ಅಂದರೆ ಆಧಾರ್ ಸಂಖ್ಯೆಯನ್ನು ಖಾತೆಗೆ ಜೋಡಿಸುವುದು. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ ಅಂದರೆ ಸೀಡಿಂಗ್ ಆಯ್ತು ಅಂತ ಅಲ್ಲ. ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ದಾಖಲೆಯಲ್ಲಿ ಆಧಾರ್‌ಗೆ ಆ ಖಾತೆ ಮ್ಯಾಪ್ ಆಗಿರಬೇಕು, ಮತ್ತು ಹಣ ಹೋಗುವುದು ಕೊನೆಗೆ ಮ್ಯಾಪ್ ಆದ ಖಾತೆಗೆ. ಊರಲ್ಲಿ ಒಂದು ಖಾತೆ, ಕಾಲೇಜಿನ ಹತ್ತಿರ ಇನ್ನೊಂದು ತೆರೆದ ಮಕ್ಕಳು ಯಾವುದರಲ್ಲಿ ಹುಡುಕಬೇಕೋ ಗೊತ್ತಾಗದೆ ಅಲೆಯುತ್ತಾರೆ. ಬ್ಯಾಂಕಿಗೆ ಹೋಗಿ ‘ಆಧಾರ್ ಮೂಲಕ ಬರುವ ಸರ್ಕಾರಿ ಹಣ ಈ ಖಾತೆಗೇ ಬರುತ್ತಾ?’ ಅಂತ ನೇರವಾಗಿ ಕೇಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. ಅದರ ಮೇಲಿರುವ ಆರ್‌ಡಿ ಸಂಖ್ಯೆ ಎಲ್ಲ ಕಡೆ ಬೇಕಾಗುತ್ತದೆ.

ಸಾಲವನ್ನು ಬಿಡಿಸಿ ನೋಡೋಣ

ಸಾಲ ಅಂದ ಕೂಡಲೇ ಹೆದರಬೇಕಾಗಿಲ್ಲ. ಹಾಗಂತ ‘ಕೆಲಸ ಸಿಕ್ಕಮೇಲೆ ನೋಡ್ಕೊಳ್ಳೋಣ’ ಅನ್ನುವುದೂ ಸರಿಯಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ತೀರಿಸಲು 15 ವರ್ಷದವರೆಗೆ ಸಮಯ ಸಿಗುತ್ತದೆ. ಆದರೆ ಕಂತು ಇಲ್ಲದ ಆ ಐದು ವರ್ಷದಲ್ಲೂ ಬಡ್ಡಿ ಓಡುತ್ತಲೇ ಇರುತ್ತದೆ.

ವರ್ಷಕ್ಕೆ ಒಂದೂವರೆ ಲಕ್ಷದಂತೆ ಒಟ್ಟು 6 ಲಕ್ಷ ಸಾಲ, ಬಡ್ಡಿ ಶೇ 10 ಅಂತ ಇಟ್ಟುಕೊಳ್ಳಿ. ಮೊದಲ ವರ್ಷದ ದುಡ್ಡಿಗೆ ಐದು ವರ್ಷದ ಬಡ್ಡಿ 75 ಸಾವಿರ. ಎರಡನೆಯದಕ್ಕೆ 60, ಮೂರನೆಯದಕ್ಕೆ 45, ನಾಲ್ಕನೆಯದಕ್ಕೆ 30 ಸಾವಿರ. ಒಟ್ಟು 2.1 ಲಕ್ಷ. ಅಂದರೆ ಕಂತು ಶುರುವಾಗುವ ದಿನ ಸಾಲ 6 ಲಕ್ಷ ಅಲ್ಲ, 8.1 ಲಕ್ಷ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಇಎಂಐ ಸುಮಾರು 10,700 ರೂಪಾಯಿ.

ಅದೇ ಮನೆಯವರು ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ? ಮೊದಲ ವರ್ಷ ತಿಂಗಳಿಗೆ 1,250, ಎರಡನೇ ವರ್ಷ 2,500, ಮೂರನೇ ವರ್ಷ 3,750, ಆಮೇಲೆ 5,000. ಕಂತು ಶುರುವಾದಾಗ ಸಾಲ 6 ಲಕ್ಷವೇ ಇರುತ್ತದೆ, ಇಎಂಐ ಸುಮಾರು 7,900. ಒಟ್ಟಾರೆ 1.2 ಲಕ್ಷದಷ್ಟು ಉಳಿತಾಯ. ಹೀಗೆ ಕಟ್ಟುವವರಿಗೆ ಎಷ್ಟೋ ಬ್ಯಾಂಕುಗಳು ಬಡ್ಡಿಯಲ್ಲೂ ಶೇ 1ರಷ್ಟು ರಿಯಾಯಿತಿ ಕೊಡುತ್ತವೆ. ಹೆಣ್ಣುಮಕ್ಕಳಿಗೆ ಇನ್ನೂ ಅರ್ಧ ಶೇಕಡಾ ಕಡಿಮೆ ಮಾಡುವ ಬ್ಯಾಂಕುಗಳಿವೆ. ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಆದಾಯ 4.5 ಲಕ್ಷದೊಳಗೆ ಇರುವವರಿಗೆ ವೃತ್ತಿಪರ ಕೋರ್ಸಿನ ಸಾಲದ ಮೇಲೆ ಆ ಐದು ವರ್ಷದ ಬಡ್ಡಿಯನ್ನು ಕೇಂದ್ರವೇ ತುಂಬುವ ಯೋಜನೆ ಇದೆ. ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಗಳಾದ ನ್ಯಾಕ್‌ನ ಮಾನ್ಯತೆ ಕಾಲೇಜಿಗೆ ಅಥವಾ ಎನ್‌ಬಿಎಯ ಮಾನ್ಯತೆ ಕೋರ್ಸಿಗೆ ಇರಬೇಕು. ಹಾಗಾಗಿ ಕಾಲೇಜು ಆರಿಸುವಾಗಲೇ ಇದನ್ನು ನೋಡಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ನೆರವು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಈ ಯೋಜನೆ ಇಲ್ಲ. ಡೊನೇಷನ್ ದುಡ್ಡಿಗೆ ಯಾವ ಬ್ಯಾಂಕೂ ಶಿಕ್ಷಣ ಸಾಲ ಕೊಡುವುದಿಲ್ಲ.

ಬ್ಯಾಂಕಿಗಿಂತ ಮೊದಲು ನಿಗಮಗಳ ಬಾಗಿಲು ತಟ್ಟಿ. ಸಿಇಟಿ ಮೂಲಕ ಸೀಟು ಪಡೆದ ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯದ ಮಕ್ಕಳಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳಲ್ಲಿ ‘ಅರಿವು’ ಸಾಲ ಇದೆ. ಬಡ್ಡಿ ಶೇ 2 ಮಾತ್ರ. ಬ್ಯಾಂಕಿನ ಶೇ 10ರ ಪಕ್ಕದಲ್ಲಿ ಇಟ್ಟು ನೋಡಿ.

‘ನಿಮ್ಮ ಊರು ನಮ್ಮ ಸರ್ವೀಸ್ ಏರಿಯಾಗೆ ಬರಲ್ಲ’ ಅಂತ ಬ್ಯಾಂಕಿನವರು ವಾಪಸ್ ಕಳಿಸಿದರೆ ಸುಮ್ಮನೆ ಬರಬೇಡಿ. ಆ ಕಾರಣಕ್ಕೆ ಶಿಕ್ಷಣ ಸಾಲದ ಅರ್ಜಿ ತಿರಸ್ಕರಿಸುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ತಿರಸ್ಕರಿಸುವುದಾದರೆ ಕಾರಣವನ್ನು ಬರೆದು ಕೊಡಿ ಅಂತ ಕೇಳಿ.

ಸಾಲ ಮಂಜೂರಾಗಲು ವಾರಗಳೇ ಹಿಡಿಯುತ್ತವೆ. ಮೊದಲ ಕಂತಿನ ಫೀಯನ್ನು ಸಾಮಾನ್ಯವಾಗಿ ಕೈಯಿಂದಲೇ ಹೊಂದಿಸಬೇಕು. ಚೀಟಿ ಎತ್ತುವುದು, ಬ್ಯಾಂಕಿನಲ್ಲಿ ಒಡವೆ ಇಡುವುದು, ಕೈಸಾಲ, ಏನೇ ಆದರೂ ಅದು ಎರಡು ಮೂರು ತಿಂಗಳ ಸೇತುವೆ ಅಷ್ಟೇ ಆಗಿರಲಿ. ಮೀಟರ್ ಬಡ್ಡಿಗೆ ಮಾತ್ರ ಹೋಗಬೇಡಿ.

ಬ್ಯಾಂಕಿಗೆ ಹೋಗುವಾಗ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ. ಸಾಲಗಾರರು ಅವರು, ನೀವು ಜೊತೆಗಾರರು. ಹದಿನೆಂಟರ ಮಕ್ಕಳಿಗೆ ಈ ಲೆಕ್ಕ ಅರ್ಥವಾಗಲ್ಲ ಅನ್ನುವುದು ನಮ್ಮ ತಪ್ಪು ತಿಳಿವಳಿಕೆ. 10,700 ಅಂತ ಹಾಳೆಯಲ್ಲಿ ಕಂಡ ಮೇಲೆ ಅವರೇ ಚೆನ್ನಾಗಿ ಯೋಚಿಸುತ್ತಾರೆ.

ಹಾಗಾದರೆ ಯಾವುದು?

ಹಾಸನದ ಹುಡುಗಿ ಮನೆಯ ಹತ್ತಿರದ ಸೀಟನ್ನೇ ಆರಿಸಬೇಕು ಅಂತ ನಾನು ಹೇಳುತ್ತಿಲ್ಲ. ಏಳು ಲಕ್ಷ ಜಾಸ್ತಿ ಕೊಟ್ಟರೆ ಏನು ಸಿಗುತ್ತದೆ ಅನ್ನುವುದನ್ನು ಹುಡುಕಿ ನೋಡಬೇಕು. ಕಾಲೇಜಿನ ಗೇಟಿನ ಮುಂದಿನ ಫ್ಲೆಕ್ಸಿನಲ್ಲಿ ಕಾಣುವುದು ಅತಿ ಹೆಚ್ಚು ಸಂಬಳ ಪಡೆದ ಒಬ್ಬ ವಿದ್ಯಾರ್ಥಿಯ ಅಂಕಿ. ಉಳಿದವರದ್ದು? ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ್‍ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಮಧ್ಯದ ಸಂಬಳ ಎಷ್ಟು ಅಂತ ಮಾಹಿತಿ ಕೊಡಬೇಕು. ಅದು ಕಾಲೇಜಿನ ಜಾಲತಾಣದಲ್ಲೇ ಇರುತ್ತದೆ. ಮಧ್ಯದ ಸಂಬಳ ಅಂದರೆ ಅರ್ಧ ಜನರಿಗೆ ಅದಕ್ಕಿಂತ ಜಾಸ್ತಿ, ಅರ್ಧ ಜನರಿಗೆ ಕಡಿಮೆ. ಆ ಅಂಕಿಯನ್ನು 12ರಿಂದ ಭಾಗಿಸಿ ನಿಮ್ಮ ಇಎಂಐ ಪಕ್ಕ ಇಡಿ. ತಿಂಗಳ ಸಂಬಳ 25 ಸಾವಿರ ಇದ್ದು ಬೆಂಗಳೂರಿನಲ್ಲೇ ರೂಮು ಮಾಡಿಕೊಂಡರೆ 10,700 ಕಟ್ಟುವುದು ಕಷ್ಟ. 50 ಸಾವಿರ ಇದ್ದರೆ ಕಟ್ಟಬಹುದು.

ಮಗುವಿಗೆ ಯಾವ ವಿಷಯದಲ್ಲಿ ನಿಜವಾದ ಆಸಕ್ತಿ ಇದೆ ಅನ್ನುವುದೂ ಲೆಕ್ಕದೊಳಗೇ ಬರಬೇಕು. ಇಷ್ಟವಿಲ್ಲದ ಬ್ರಾಂಚಿನಲ್ಲಿ ಬ್ಯಾಕ್‌ಲಾಗ್ ಉಳಿಸಿಕೊಂಡು ಐದನೇ ವರ್ಷ ಓದಿದರೆ ಫೀ, ಪಿಜಿ, ಸ್ಕಾಲರ್‌ಶಿಪ್ ನವೀಕರಣ ಎಲ್ಲಕ್ಕೂ ಪೆಟ್ಟು. ಕಡಿಮೆ ಖರ್ಚಿನ ಸೀಟು ಅಂತ ಒಲ್ಲದ ಬ್ರಾಂಚಿಗೆ ತಳ್ಳುವುದೂ ದುಬಾರಿಯೇ.

ಸೇರಿದ ಮೇಲೆ ಮನಸ್ಸು ಬದಲಾದರೆ ದಿನ ತಳ್ಳಬೇಡಿ. ಹಣ ವಾಪಸಿನ ನಿಯಮಗಳೆಲ್ಲ ದಿನಾಂಕದ ಮೇಲೆ ನಿಂತಿವೆ. ಸಿಇಟಿ ಸೀಟಿನ ವಿಷಯದಲ್ಲಿ ಆ ವರ್ಷದ ಕೆಇಎ ಕೈಪಿಡಿಯೇ ಆಧಾರ, ಕೊನೆಯ ಸುತ್ತು ಮುಗಿದ ಮೇಲೆ ಬಿಟ್ಟರೆ ನಷ್ಟ ಜಾಸ್ತಿ. ವಿಶ್ವವಿದ್ಯಾಲಯಗಳ ಬೇರೆ ಕೋರ್ಸುಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಹೊರಡಿಸಿದ ನಿಯಮದಂತೆ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಹಿಡಿದು ಉಳಿದದ್ದನ್ನು ಕೊಡಬೇಕು. ಕೊನೆಯ ದಿನಾಂಕ ಕಳೆದು 30 ದಿನ ದಾಟಿದರೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಅಂತಲೂ ಅದೇ ನಿಯಮ ಹೇಳುತ್ತದೆ. ಪರಿಶೀಲನೆಗೆ ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲ ಪ್ರತಿ ವಾಪಸ್ ತನ್ನಿ. ಕಟ್ಟಿದ ಪ್ರತಿ ರೂಪಾಯಿಗೂ ಕಾಲೇಜಿನ ಮುದ್ರೆಯಿರುವ ರಸೀದಿ ಪಡೆಯಿರಿ. ಬ್ಯಾಂಕಿನವರು, ಇಲಾಖೆಯವರು, ಹಣ ವಾಪಸ್ ಕೊಡಬೇಕಾದವರು ಎಲ್ಲರೂ ಮೊದಲು ಕೇಳುವುದು ಅದನ್ನೇ.